ಕಾಕಾಗೆ ಹೇಳದೆ ತಂದ ನಿಯಮ

ರಿಯಾದ್‌ನ ನಮ್ಮ ಕನ್ನಡ ಸಂಘವನ್ನು ಕಟ್ಟಿದವರು ಮಂಗಳೂರು ಕಡೆಯ ಒಬ್ಬ ವ್ಯಾಪಾರಿ. ನಗರದ ಮಲಾಜ್ ಬಡಾವಣೆಯಲ್ಲಿ ಅವರದು ಕಾರಿನ ಬಿಡಿಭಾಗಗಳ ಅಂಗಡಿ. ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ನಮಗೆಲ್ಲ ಅವರು ಕಾಕಾ. ನಾನು ಮೈಸೂರಿನಿಂದ ನರ್ಸ್ ಕೆಲಸಕ್ಕೆ ಬಂದಾಗ ಮನೆ ಹುಡುಕಿಕೊಟ್ಟವರು ಅವರೇ. ಮಗ ಹುಟ್ಟಿದಾಗ ನನ್ನ ಬಾಣಂತನದ ಊಟ ಅವರ ಮನೆಯಿಂದಲೇ ಬಂತು.

ಆದರೆ ಸಂಘದ ವಿಷಯದಲ್ಲಿ ಅವರು ಯಾರನ್ನೂ ಕೇಳುತ್ತಿರಲಿಲ್ಲ. ರಾಜ್ಯೋತ್ಸವ ಎಲ್ಲಿ, ಯಾರು ಹಾಡಬೇಕು, ಯಾರು ಭಾಷಣ ಮಾಡಬೇಕು, ಎಲ್ಲವನ್ನೂ ಅವರೊಬ್ಬರೇ ತೀರ್ಮಾನಿಸಿ ನಮಗೆ ವಾಟ್ಸಾಪ್‌ನಲ್ಲಿ ತಿಳಿಸುತ್ತಿದ್ದರು. ಹೆಂಗಸರು ಏನಾದರೂ ಸಲಹೆ ಕೊಟ್ಟರೆ ನಕ್ಕು, ನೋಡುವ ಎನ್ನುತ್ತಿದ್ದರು. ಹೊಸಬರು ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ನಾನಾಗ ಕಾರ್ಯದರ್ಶಿ. ಸಮಿತಿಯ ಕೆಲವರು ನಮ್ಮ ಮನೆಯಲ್ಲಿ ಸೇರಿ ಒಂದು ನಿಯಮ ಮಾಡಿದೆವು: ಯಾರೂ ಒಂದೇ ಹುದ್ದೆಯಲ್ಲಿ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ವಾರ್ಷಿಕ ಸಭೆಯಲ್ಲಿ ಅದನ್ನು ಮಂಡಿಸುವ ಮುಂಚೆ ಕಾಕಾಗೆ ತಿಳಿಸುವ ಹೊಣೆ ನಾನೇ ಹೊತ್ತುಕೊಂಡೆ.

ಅಂಗಡಿಗೆ ಹೋದೆ. ಅವರು ಸುಲೈಮಾನಿ ಚಹಾ ತರಿಸಿದರು. ಮಗನ ಶಾಲೆಯ ಬಗ್ಗೆ ಕೇಳಿದರು, ನನ್ನ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ನವೀಕರಣ ಆಯಿತೇ ಎಂದು ವಿಚಾರಿಸಿದರು. ಚಹಾ ಮುಗಿಯಿತು. ಬಂದ ವಿಷಯ ಎತ್ತದೆ ಎದ್ದು ಬಂದೆ. ಸಮಿತಿಯವರು ಕೇಳಿದಾಗ, ಹೇಳಿದ್ದೇನೆ ಎಂದುಬಿಟ್ಟೆ.

ವಾರ್ಷಿಕ ಸಭೆ ಊರಾಚೆ ಬಾಡಿಗೆಗೆ ಹಿಡಿದ ತೋಟದ ಮನೆಯಲ್ಲಿ ನಡೆಯಿತು. ನಿಯಮ ಓದಿದವಳು ನಾನೇ. ಓದುವಾಗ ಅವರತ್ತ ನೋಡಲಿಲ್ಲ. ಒಬ್ಬೊಬ್ಬರಾಗಿ ಕೈ ಎತ್ತಿದರು. ಕಾಕಾ, ಇದು ಈ ಸಲದಿಂದಲೇ ಅಲ್ವಾ ಎಂದು ಕೇಳಿದರು. ಹೌದು ಎಂದೆ. ಆಮೇಲೆ ಅವರೂ ಕೈ ಎತ್ತಿದರು. ಊಟಕ್ಕೆ ನಿಲ್ಲಲಿಲ್ಲ.

ಅಲ್ಲಿಂದ ಅವರು ಸಂಘದ ಕಡೆ ಬರಲಿಲ್ಲ. ಮೊದಲೇ ಗೊತ್ತಿದ್ದೂ ಮುನಿಸಿಕೊಂಡರು, ಕುರ್ಚಿಯ ಆಸೆ ಬಿಡಲಿಲ್ಲ ಎಂದು ಜನ ಆಡಿಕೊಳ್ಳತೊಡಗಿದರು. ಅದನ್ನು ಕೇಳಲಾಗದೆ ಒಂದು ಸಂಜೆ ಅವರ ಮನೆಗೆ ಹೋದೆ.

"ನಿಯಮ ಸರಿ ಉಂಟು ತಂಗಿ," ಎಂದರು. "ಅಷ್ಟು ವರ್ಷ ನಾನು ಕೂರಬಾರದಿತ್ತು. ಆದ್ರೆ ಅಂಗಡಿಗೆ ಬಂದಿದ್ರಲ್ಲ, ಆಗ ಒಂದು ಮಾತು ಹೇಳಿದ್ರೆ ನಾನೇ ಎದ್ದು ಓದ್ತಿದ್ದೆ."

"ಹೇಳ್ಲಿಕ್ಕೇ ಬಂದಿದ್ದೆ ಕಾಕಾ. ಧೈರ್ಯ ಆಗ್ಲಿಲ್ಲ."

"ನನ್ನ ಹತ್ರ ಮಾತಾಡ್ಲಿಕ್ಕೆ ಎಂತ ಧೈರ್ಯ ಬೇಕಿತ್ತು?"



ಮುಂದಿನ ಸಮಿತಿ ಸಭೆಯಲ್ಲಿ ನಿಜ ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ. ಎಲ್ಲರೂ ಸೇರಿ ಕಾಕಾನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ನಗುನಗುತ್ತಲೇ ಮಾತಾಡಿಸಿದರು, ಬಲವಂತ ಮಾಡಿ ನೀರುದೋಸೆ ತಿನ್ನಿಸಿದರು. ಸಂಘಕ್ಕೆ ಮಾತ್ರ ಮರಳಲಿಲ್ಲ.

ಈಗ ಉಡುಪಿಯ ಒಬ್ಬ ಶಿಕ್ಷಕಿ ಅಧ್ಯಕ್ಷೆ. ಏನೇ ಇದ್ದರೂ ಎಲ್ಲರನ್ನೂ ಕೇಳಿಯೇ ಮಾಡುತ್ತಾರೆ, ಹೊಸಬರೂ ಬರುತ್ತಿದ್ದಾರೆ. ಆ ನಿಯಮ ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಸಂಘ ಚೆನ್ನಾಗಿ ನಡೆಯುತ್ತಿದೆ ಎಂದು ಯಾರಾದರೂ ಹೊಗಳಿದರೆ, ನಾನು ಮಾತು ಬದಲಿಸುತ್ತೇನೆ.