ಅಮ್ಮಣ್ಣಿಯ ಉಂಗುರ, ಸುಗುಣಳ ಬೆರಳು

ಉಪ್ಪುಂದದ ಸುಗುಣಳಿಗೆ ಮೂವತ್ತಾರು ವರ್ಷ. ಬೆಳಿಗ್ಗೆ ದಡದಲ್ಲಿ ಮೀನು ಕೊಂಡು, ಸ್ಕೂಟರಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿ, ಬಿಜೂರಿನ ಮನೆಮನೆಗೆ ಹೋಗಿ ಮಾರುವುದು ಅವಳ ಕಸುಬು. ಸಂಜೆ ಐದಕ್ಕೆ ಶಾಲೆಯ ಮೈದಾನದಲ್ಲಿ ಥ್ರೋಬಾಲ್ ಆಡುವುದು ಅವಳ ಹುಚ್ಚು. ಕಸುಬಿಗೆ ಆಗೊಮ್ಮೆ ಈಗೊಮ್ಮೆ ರಜೆಯಿತ್ತು, ಹುಚ್ಚಿಗೆ ಇರಲಿಲ್ಲ.

ಈ ಹುಚ್ಚಿಗೆ ಅಪ್ಪಣೆ ಕೊಟ್ಟವಳು ಅತ್ತೆ ಅಮ್ಮಣ್ಣಿ. ಮಕ್ಕಳ ತಾಯಿ ಪ್ಯಾಂಟು ಹಾಕಿಕೊಂಡು ಚೆಂಡಾಡಿದರೆ ಊರ ಬಾಯಿ ಸುಮ್ಮನಿರುತ್ತದೆಯೇ? ಆ ಬಾಯಿಗಳನ್ನೆಲ್ಲ ಮುಚ್ಚಿಸಿದ್ದು ಅಮ್ಮಣ್ಣಿ. ಹೋದ ವರ್ಷ ತೀರಿಕೊಳ್ಳುವ ಮುಂಚೆ ಆಕೆ ತನ್ನ ಉಂಗುರ ತೆಗೆದು ಸೊಸೆಯ ಬಲಗೈಗೆ ಹಾಕಿ, ಜೊತೆಗೆ ತನ್ನದೊಂದು ಪದ್ಧತಿಯನ್ನೂ ದಾಟಿಸಿ ಹೋದಳು: ಗಂಡಸು ಕಡಲಿನಲ್ಲಿರುವಾಗ ಹೆಂಡತಿ ಕೈ ಬರಿದು ಮಾಡಬಾರದು. ಸುಗುಣಳ ಗಂಡ ಚಂದು ಬೋಟು ಹತ್ತಿದರೆ ಎಂಟು ಹತ್ತು ದಿನ ದಡ ಕಾಣುವವನಲ್ಲ. ಹಾಗಾಗಿ ಉಳಿದವರು ಬಳೆ, ಉಂಗುರ ಬಿಚ್ಚಿಟ್ಟು ಆಡಿದರೆ ಇವಳು ಉಂಗುರದ ಮೇಲೆ ಟೇಪು ಸುತ್ತಿಕೊಂಡು ಆಡುತ್ತಿದ್ದಳು.

ಮನೆಯಲ್ಲಿ ಈಗ ಉಳಿದ ಹಿರಿಯನೆಂದರೆ ಮಾವ ಹಿರಿಯಣ್ಣ. ನಲವತ್ತು ವರ್ಷ ಬಲೆ ಕಟ್ಟಿದ ಮುದುಕ, ಮಾತು ಕಡಿಮೆ. ಸೊಸೆಯ ಆಟ ಬೇಕು ಎಂದವನೂ ಅಲ್ಲ, ಬೇಡ ಎಂದವನೂ ಅಲ್ಲ. ಆಕಾಶ ನೋಡಿ ಗಾಳಿ ಹೇಳಬಹುದು, ನಿಮ್ಮ ಅಪ್ಪನ ಮುಖ ನೋಡಿ ಏನೂ ಹೇಳಲಾಗದು ಎಂದು ಸುಗುಣ ಗಂಡನನ್ನು ಚುಡಾಯಿಸುತ್ತಿದ್ದಳು. ಅತ್ತೆ ಹೋದ ಮೇಲೆ ತನ್ನ ಆಟಕ್ಕೆ ಉಳಿದಿರುವ ಅಪ್ಪಣೆ ಈ ಉಂಗುರವೊಂದೇ ಎಂದು ಅವಳಿಗೆ ಒಳಗೊಳಗೇ ಅನ್ನಿಸಿಬಿಟ್ಟಿತ್ತು.

ದೀಪಾವಳಿ ಕಳೆದು ಬೈಂದೂರಿನ ಪಂದ್ಯಕ್ಕೆ ಹತ್ತು ದಿನ ಉಳಿದಿತ್ತು. ಭಾನುವಾರದ ಅಭ್ಯಾಸದಲ್ಲಿ ಚೆಂಡು ನೆಟ್ಟಗೆ ಬಂದು ಉಂಗುರವಿದ್ದ ಬೆರಳಿನ ತುದಿಗೆ ಬಡಿಯಿತು. ತಂಡದ ನಾಯಕಿ ವಿನಯಾ, ಅಂಗನವಾಡಿ ಟೀಚರು, ಓಡಿ ಬಂದು, ಗಂಟು ಸರಿದಿರಬೇಕು ಎಂದು ಬೆರಳು ಹಿಡಿದು ಒಮ್ಮೆ ಎಳೆದಳು. ಸುಗುಣಳಿಗೆ ಕಣ್ಣು ಕತ್ತಲೆ ಬಂತು. ಆದರೂ ಆಟ ಮುಗಿಸಿಯೇ ಮನೆಗೆ ಹೋದಳು.

ಆಮೇಲೆ ಮೂರು ದಿನ ಅವಳಿಗೆ ಮೋಸ ಮಾಡಿದ್ದು ಮೀನಿನ ಐಸು. ಬಂಗುಡೆ ತೆಗೆಯಲು ಪೆಟ್ಟಿಗೆಗೆ ಕೈ ಹಾಕಿದರೆ ಐದು ನಿಮಿಷದಲ್ಲಿ ಬೆರಳು ಜೋಮು ಹಿಡಿದು ನೋವು ಮಾಯವಾಗುತ್ತಿತ್ತು. ಗಿರಾಕಿ ಇಲ್ಲದಾಗಲೂ ಕೈಯನ್ನು ಐಸಿನೊಳಗೇ ಇಟ್ಟುಕೊಂಡು ನಿಂತಳು. ಮಧ್ಯಾಹ್ನದವರೆಗೆ ಗುಣವಾಗಿದ್ದ ಬೆರಳು ಪೆಟ್ಟಿಗೆ ತೊಳೆದಿಟ್ಟ ಕೂಡಲೇ ಮತ್ತೆ ಸಿಡಿಯುತ್ತಿತ್ತು. ಬಾತ ಮಾಂಸದಲ್ಲಿ ಉಂಗುರ ಹೂತುಹೋಯಿತು. ಅತ್ತೆಯ ಪದ್ಧತಿಯನ್ನೂ ಮರೆತು ಸಾಬೂನು, ತೆಂಗಿನೆಣ್ಣೆ ಹಚ್ಚಿ ನೋಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಹೇಳಿದರೆ ಆಸ್ಪತ್ರೆ, ಆಸ್ಪತ್ರೆಗೆ ಹೋದರೆ ಉಂಗುರ ಕತ್ತರಿಸುತ್ತಾರೆ, ಉಂಗುರ ಹೋದರೆ ಆಟವೂ ಹೋದ ಹಾಗೆ. ಅವಳು ಬಾಯಿ ಬಿಡಲಿಲ್ಲ.

ಬುಧವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಅನ್ನ ಕಲಸುವ ಕೈಯಲ್ಲಿ ಒಂದು ಬೆರಳು ಮಾತ್ರ ದೂರ ನಿಂತಿದ್ದು ಹಿರಿಯಣ್ಣನ ಕಣ್ಣಿಗೆ ಬಿತ್ತು. ಇಡೀ ಬಲೆಯಲ್ಲಿ ಹರಿದ ಒಂದು ಕಣ್ಣನ್ನು ಹುಡುಕಿ ತೆಗೆಯುವವನಿಗೆ ಇದು ಕಾಣದೇ ಇರುತ್ತದೆಯೇ?

"ಎಲ್ಲಿ, ಕೈ ಕಾಣ್ಸ್ ಕಾಂಬ," ಎಂದ ಊಟ ಮುಗಿದ ಮೇಲೆ.

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮಾವ ಅವಳ ಕೈ ಮುಟ್ಟಿದವನಲ್ಲ. ಈಗ ಹಿಡಿದು ನೋಡಿದ. ಬೆರಳು ನೀಲಿಗಟ್ಟಿತ್ತು. ಬಲೆಯ ತೆಳು ನೂಲು ತಂದು, ಉಂಗುರದಡಿ ತೂರಿಸಿ, ಬೆರಳಿಗೆ ಒತ್ತೊತ್ತಾಗಿ ಸುತ್ತತೊಡಗಿದ. ಹೀಗೆ ಸುತ್ತಿ ಬಿಚ್ಚುತ್ತ ಬಂದರೆ ಎಂಥ ಬಿಗಿಯಾದ ಉಂಗುರವೂ ಜಾರಿ ಬರುತ್ತದೆ. ಎರಡನೇ ಸುತ್ತಿಗೆ ಸುಗುಣ ತುಟಿ ಕಚ್ಚಿದಳು. ಅವನು ನೂಲು ಬಿಟ್ಟು, ಒಳಗೆ ಹೋಗಿ ತಂತಿ ಕತ್ತರಿಸುವ ಇಕ್ಕಳ ತಂದ.

"ಅದ್ ಅತ್ತೆದ್, ಮಾವ. ಕತ್ರ್‌ಸ್ಬೇಡಿ."

ಹಿರಿಯಣ್ಣ ಅವಳ ಕೈಯನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡ. "ಉಂಗ್ರಕ್ಕೆ ಬೆಸ್ಗೆ ಹಾಕುಕ್ ಆತ್ತ್ ಮಗಾ. ಬೆರಳಿಗ್ ಆತ್ತಾ?"

ಸಣ್ಣದೊಂದು ಸದ್ದಾಯಿತು. ಸುಗುಣ ಅತ್ತದ್ದು ಬೆರಳಿಗಲ್ಲ, ಉಂಗುರಕ್ಕೆ. ನಿಜವಾಗಿ ಅಳಬೇಕಾದವನು ಹಿರಿಯಣ್ಣ. ಅಮ್ಮಣ್ಣಿಯ ಬೆರಳಿಗೆ ಆ ಉಂಗುರ ತೊಡಿಸಿದವನು ಅವನೇ. ಅವನು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ರಿಕ್ಷಾ ಕರೆಯಲು ಹೋದ.

ಬೈಂದೂರಿನಲ್ಲಿ ಎಕ್ಸ್‌ರೇ ಆಯಿತು. ಮೂಳೆ ಮುರಿದಿದೆ, ಆರು ವಾರ ಪಟ್ಟಿ, ಉಂಗುರ ಇನ್ನೆರಡು ದಿನ ಹಾಗೇ ಇದ್ದಿದ್ದರೆ ಬೆರಳು ಉಳಿಯುವುದೇ ಕಷ್ಟವಿತ್ತು ಎಂದರು ಡಾಕ್ಟರು. ಪಂದ್ಯ ಕೈತಪ್ಪಿತು. ಆ ಆರು ವಾರ ಪೆಟ್ಟಿಗೆ ಹೊತ್ತು ಬಿಜೂರಿಗೆ ಹೋದವನು ಹಿರಿಯಣ್ಣ. ಚೌಕಾಸಿ ಮಾಡಲು ಬಾರದ ಮುದುಕ ಸಿಕ್ಕಿದ್ದು ಅಲ್ಲಿಯ ಹೆಂಗಸರಿಗೆ ಸುಗ್ಗಿಯೇ ಆಯಿತು. ಸಂಜೆ ದುಡ್ಡು ಎಣಿಸುವಾಗ ಸುಗುಣ ಹೊಟ್ಟೆ ಉರಿಸಿಕೊಳ್ಳುತ್ತಿದ್ದಳು.

ಪಟ್ಟಿ ಬಿಚ್ಚಿದಾಗ ಬೆರಳು ಕಟ್ಟಿಗೆಯ ಹಾಗಿತ್ತು. ದಿನಾ ಮಡಚಿ ಬಿಚ್ಚಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಹಿರಿಯಣ್ಣ ಸೊಸೆಯ ಕೈಗೆ ಬಲೆ ಕಟ್ಟುವ ಸೂಜಿ ಕೊಟ್ಟ. ಮಧ್ಯಾಹ್ನವೆಲ್ಲ ಇಬ್ಬರೂ ಜಗಲಿಯಲ್ಲಿ ಕುಳಿತು ಬಲೆ ಕಟ್ಟಿದರು. ಅವಳು ಹಾಕಿದ ಗಂಟು ಸಡಿಲವಾದರೆ ಅವನು ಮಾತಿಲ್ಲದೆ ಬಿಚ್ಚಿ ಮತ್ತೆ ಸೂಜಿ ಕೊಡುತ್ತಿದ್ದ. ತಿಂಗಳು ಕಳೆಯುವಾಗ ಗಂಟು ಬಿಗಿಯಿತು, ಬೆರಳೂ ಮಡಚಿತು. ಆಟದ ಸುದ್ದಿಯನ್ನು ಮಾತ್ರ ಅವನು ಎತ್ತಲಿಲ್ಲ, ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಒಂದು ಸಂಜೆ ವಿನಯಾ ಬಂದು, ಮಾರ್ಚಿನ ಪಂದ್ಯಕ್ಕೆ ಸುಗುಣ ಬರುತ್ತಾಳೆಯೇ ಎಂದು ಕೇಳಿದಳು. ಹಿರಿಯಣ್ಣ ಎದ್ದು ಒಳಗೆ ನಡೆದ. ತನ್ನ ಆಟ ಅಲ್ಲಿಗೆ ಮುಗಿಯಿತು ಅಂದುಕೊಂಡಳು ಸುಗುಣ. ಅವನು ಮರಳಿ ಬಂದು ಒಂದು ಸಣ್ಣ ಪೊಟ್ಟಣವನ್ನು ಅವಳ ಮುಂದಿಟ್ಟ. ಒಳಗೆ ಉಂಗುರವಿತ್ತು. ಬೆಸುಗೆಯ ಗೆರೆ ಸಣ್ಣಗೆ ಕಾಣುತ್ತಿತ್ತು, ಅಳತೆ ಒಂದು ಚೂರು ದೊಡ್ಡದಾಗಿತ್ತು.

ಪಂದ್ಯದ ದಿನ ಹಿರಿಯಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೈಂದೂರಿಗೆ ಬಂದ. ಅವನು ಮೈದಾನದ ಮುಖ ನೋಡಿದ್ದು ಅದೇ ಮೊದಲು. ಸುಗುಣ ಅಂಕಣದ ಅಂಚಿನಲ್ಲಿ ನಿಂತು ಉಂಗುರದ ಮೇಲೆ ಟೇಪು ಸುತ್ತಲು ಹೊರಟಾಗ ಅವನು ಕುರ್ಚಿಯಿಂದ ಎದ್ದು ಬಂದು ಅಂಗೈ ಚಾಚಿದ.

"ಅವ್ರ್ ಕಡ್ಲಂಗೆ ಇದ್ರ್, ಮಾವ," ಎಂದಳು ಸುಗುಣ. "ಕೈ ಬರ್ದ್ ಮಾಡುಕಾಗ."

"ನನ್ ಕೈಯಂಗೆ ಇರ್ಲಿ. ಮನಿ ಕೈ ಬರ್ದ್ ಆತಿಲ್ಲೆ. ಹೋಗ್, ಆಡ್." ಸುಗುಣ ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು.

ಮೂರನೇ ಸುತ್ತಿನ ಕೊನೆಯ ಚೆಂಡು ಅವಳತ್ತಲೇ ಬಂತು. ಹತ್ತೂ ಬೆರಳು ಅಗಲಿಸಿ ಹಿಡಿದಳು. ಬೆರಳು ತಡೆದುಕೊಂಡಿತು, ತಿರುಗಿ ಎಸೆದ ಚೆಂಡು ಆಚೆಯ ಮೂಲೆಗೆ ಬಿತ್ತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಹಿರಿಯಣ್ಣ ಮಾತ್ರ ಎಡಗೈಯಿಂದ ತನ್ನ ಮೊಣಕಾಲನ್ನು ತಟ್ಟುತ್ತಿದ್ದ. ಆಟ ಶುರುವಾದಾಗ ಮುಚ್ಚಿದ ಬಲಗೈಯನ್ನು ಅವನಿನ್ನೂ ಬಿಚ್ಚಿರಲಿಲ್ಲ.