ಒಂಬತ್ತು ವರ್ಷ ಹಳ್ಳಿ, ಒಂದು ವರ್ಷ ಪೇಟೆ

ಉಳವಪ್ಪ ಮಾಸ್ತರರು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಆದರೆ ಊರಿಗೆ ಅವರು ಬೇಕಾಗಿದ್ದದ್ದು ವಿಜ್ಞಾನಕ್ಕಲ್ಲ, ಅರ್ಜಿಗೆ. ಮುಂದೆ ಕಾಲೇಜು ಓದುವ ಮಕ್ಕಳ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಸಿಇಟಿ ಅರ್ಜಿ ಎಲ್ಲವೂ ಇಪ್ಪತ್ತೆರಡು ವರ್ಷ ಅವರ ಚೀಲದಲ್ಲೇ ಹಾನಗಲ್ಲಿಗೆ ಹೋಗಿ ಬಂದವು. ಯಾರಿಂದಲೂ ಒಂದು ಕಪ್ ಚಹಾವನ್ನೂ ಮುಟ್ಟಿದವರಲ್ಲ. ಹೆಮ್ಮೆ ಮಾತ್ರ ಬೆಟ್ಟದಷ್ಟು. "ನಾ ತುಂಬಿದ ಅರ್ಜಿ ಒಂದರ ವಾಪಸ್ ಬಂದೈತೇನು? ಹೇಳ್ರಿ ನೋಡೋಣು!" ಎಂದು ಕಟ್ಟೆಯ ಮೇಲೆ ಕೂತು ಕೇಳುವರು. ಬಂದಿರಲಿಲ್ಲ, ನಿಜ.

ಭರಮವ್ವನ ಮಗಳು ಮಲ್ಲಿಕಾ ಒಂಬತ್ತನೇ ತರಗತಿ ಮುಗಿಸಿದ ವರ್ಷ ಆ ಶಾಲೆಯ ಗಣಿತದ ಮಾಸ್ತರರಿಗೆ ವರ್ಗವಾಯಿತು. ಅವರ ಜಾಗಕ್ಕೆ ನರಪಿಳ್ಳೆಯೂ ಬರಲಿಲ್ಲ. ಮಲ್ಲಿಕಾ ಡಾಕ್ಟರ್ ಆಗುತ್ತೇನೆ ಎಂದವಳು, ಆಗುವಷ್ಟು ಚುರುಕೂ ಇದ್ದವಳು. ಉಳವಪ್ಪ ಮಾಸ್ತರರಿಗೆ ತಡೆಯಲಾಗಲಿಲ್ಲ. ಅಕ್ಕಿ ಗಿರಣಿಯ ಕೂಲಿ ಮುಗಿಸಿ ಬರುತ್ತಿದ್ದ ಭರಮವ್ವನನ್ನು ದಾರಿಯಲ್ಲೇ ನಿಲ್ಲಿಸಿದರು.

"ಯವ್ವಾ, ಹುಡುಗೀನ ಎಸ್ಸೆಸ್ಸೆಲ್ಸಿಗೆ ಹಾನಗಲ್ಲ ಸಾಲಿಗೆ ಹಾಕು. ಇಲ್ಲಿದ್ರ ಲೆಕ್ಕದಾಗ ಹಿಂದ ಬೀಳ್ತಾಳ."

"ಇಲ್ಲೇ ಇರಲಿ ಬಿಡ್ರಿ ಸರ. ದಿನಾ ಬಸ್ಸು, ಹೆಣ್ಣುಮಗಳು..."

"ನನ್ನ ಮ್ಯಾಲೆ ನಂಬಿಕಿ ಐತಿಲ್ಲೋ?"

"ನಿಮ್ಮನ್ನ ಬಿಟ್ಟು ಮತ್ಯಾರನ್ನ ನಂಬಲ್ರಿ?" ಎಂದಳು ಭರಮವ್ವ. ಮಾತು ಅಲ್ಲಿಗೆ ಮುಗಿಯಿತು.

ಟಿಸಿ ಬರೆಸಿದ್ದೂ ಮಾಸ್ತರರೇ, ಹಾನಗಲ್ಲಿಗೆ ಒಯ್ದು ಕೊಟ್ಟದ್ದೂ ಅವರೇ. ಮಲ್ಲಿಕಾಳ ಜೊತೆಗೇ ಓದುತ್ತಿದ್ದ, ಅದೇ ಓಣಿಯ, ಅದೇ ಜಾತಿಯ ಮಾಲತೇಶನ ಅಪ್ಪನಿಗೂ ಹೇಳಿ ನೋಡಿದರು. "ಬಸ್ಸಿನಾಗ ತಿರುಗ್ಯಾಡಿ ಹುಡುಗ ಕೆಡ್ತಾನ್ರಿ" ಎಂದು ಅವನು ಒಪ್ಪಲಿಲ್ಲ. ಎಂಥ ಹೆಡ್ಡ ಎಂದು ಮಾಸ್ತರರು ಮನೆಗೆ ಬಂದು ಬೈದದ್ದೇ ಬೈದದ್ದು.

ಮೂರು ವರ್ಷ ಕಳೆಯಿತು. ಪಿಯುಸಿ ಮುಗಿಸಿ ಇಬ್ಬರೂ ನೀಟ್ ಬರೆದರು. ಹಳ್ಳಿಯಲ್ಲಿ ಓದಿದವರಿಗೆಂದು ಒಂದಿಷ್ಟು ಸೀಟು ಬೇರೆ ತೆಗೆದಿಡುತ್ತಾರೆ. ಅದಕ್ಕೆ ಗ್ರಾಮೀಣ ಪ್ರಮಾಣಪತ್ರ ಬೇಕು, ಅದರ ಮೇಲೆ ಶಿಕ್ಷಣಾಧಿಕಾರಿ ಕಚೇರಿಯ ಸಹಿ, ಸಿಕ್ಕಾ ಬೇಕು. ಮಾಲತೇಶನದನ್ನು ಮಾಸ್ತರರು ಹೋದ ವಾರವೇ ಮಾಡಿಸಿಕೊಟ್ಟಿದ್ದರು. ಈ ಸಲ ಮಲ್ಲಿಕಾಳನ್ನು ಹಾನಗಲ್ಲಿನ ಆ ಕಚೇರಿಗೆ ಕರೆದುಕೊಂಡು ಹೋದರು. ಗುಮಾಸ್ತ ಕಾಗದದಿಂದ ತಲೆಯೆತ್ತಿದ.

"ಎಸ್ಸೆಸ್ಸೆಲ್ಸಿ ಎಲ್ಲಿ ಓದ್ಯಾಳ್ರಿ?"

"ಇಲ್ಲೇ, ಹಾನಗಲ್ಲಾಗ."

"ಹಾನಗಲ್ಲು ಪುರಸಭೆ ಐತಲ್ರಿ ಸರ. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ಹತ್ತೂ ವರ್ಷ ಹಳ್ಳ್ಯಾಗ ಓದಿರಬೇಕು. ಇಲ್ಲೇ ಬರದೈತಿ ನೋಡ್ರಿ."

"ಒಂದ ವರ್ಷ ಕಮ್ಮಿ ಅಷ್ಟ ಅಲ್ಲೇನೋ ತಮ್ಮಾ!"

"ಒಂದ ದಿನ ಕಮ್ಮಿ ಆದ್ರೂ ಬರಂಗಿಲ್ರಿ."

ಬರೆದಿತ್ತು. ಇಪ್ಪತ್ತೆರಡು ವರ್ಷದಿಂದಲೂ ಅಲ್ಲೇ ಬರೆದಿತ್ತು. ಮಾಸ್ತರರು ಅರ್ಜಿ ತಂದುಕೊಟ್ಟ ಮಕ್ಕಳೆಲ್ಲ ಹುಟ್ಟಿದ ಊರಲ್ಲೇ ಹತ್ತೂ ವರ್ಷ ಓದಿದವರು. ಹೀಗಾಗಿ ಆ ಸಾಲನ್ನು ಓದುವ ಗೊಡವೆಗೇ ಅವರು ಹೋಗಿರಲಿಲ್ಲ. ಖಾಲಿ ಜಾಗದಲ್ಲಿ ಹತ್ತು ಎಂದು ಬರೆಯುವುದು, ಸಹಿ ಮಾಡಿಸುವುದು, ಕಟ್ಟೆಗೆ ಬಂದು ಜಂಬ ಕೊಚ್ಚುವುದು. ಥೂ, ಎಂಥ ಜಾಣತನ!

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಅವ್ವಗ ಈಗ ಹೇಳಬ್ಯಾಡ. ಅಂಕ ಚಲೋ ಬಂದ್ರ ಇದು ಬೇಕಾಗಂಗೂ ಇಲ್ಲ."

"ಹೂಂನ್ರಿ ಸರ" ಎಂದಳು ಮಲ್ಲಿಕಾ.

ಅಂಕ ಚೆನ್ನಾಗಿಯೇ ಬಂದವು. ಮಾಲತೇಶನಿಗಿಂತ ಮೂವತ್ತೊಂದು ಹೆಚ್ಚು. ಆದರೂ ಸರ್ಕಾರಿ ಸೀಟು ಹಳ್ಳಿಯ ಲೆಕ್ಕದಲ್ಲಿ ಅವನಿಗೆ ಸಿಕ್ಕಿತು, ಇವಳಿಗೆ ಕೂದಲೆಳೆಯಲ್ಲಿ ತಪ್ಪಿತು. ಖಾಸಗಿ ಕಾಲೇಜಿನ ಮಾತನ್ನು ಗಿರಣಿಯ ಕೂಲಿಯವಳ ಮುಂದೆ ಯಾರು ಆಡುತ್ತಾರೆ? ಮಾಲತೇಶನ ಅಪ್ಪ ಪೇಡೆ ತಂದು ಮಾಸ್ತರರ ಕೈಗಿಟ್ಟು, "ಎಲ್ಲಾ ನಿಮ್ಮ ಉಪಕಾರ್ರಿ" ಎಂದ. ಮಾಸ್ತರರು ಅದನ್ನು ಹಾಗೇ ಕಿಸೆಗೆ ಹಾಕಿಕೊಂಡರು.

ಆವತ್ತು ಸಂಜೆ ಅವರು ಗಟ್ಟಿ ಮನಸ್ಸು ಮಾಡಿ ಭರಮವ್ವನ ಮನೆಗೆ ಹೋದರು. ತಪ್ಪು ನನ್ನದು, ಹುಡುಗಿಯದಲ್ಲ ಎಂದು ಹೇಳಿಬಿಡುವುದು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ್ದರು. ಹೊಸ್ತಿಲು ದಾಟುವಷ್ಟರಲ್ಲಿ ಭರಮವ್ವನೇ ಶುರು ಮಾಡಿದಳು. ಅಂಕ, ರ‍್ಯಾಂಕು ಅವಳಿಗೆ ತಿಳಿಯದು. ಓಣಿಯ ಹುಡುಗನಿಗೆ ಸಿಕ್ಕಿದ್ದು ತನ್ನ ಮಗಳಿಗೆ ಸಿಗಲಿಲ್ಲ, ಅವಳಿಗೆ ಗೊತ್ತಿದ್ದದ್ದು ಅಷ್ಟೇ.

"ನೋಡ್ರಿ ಸರ, ನಿಮಗ ಮಾರಿ ತೋರಸಾಕ ನಾಚಿಕಿ ಬರತೈತಿ. ಆ ಮಾಲತೇಶ ಇದ್ದ ಊರಾಗ ಕಲ್ತು ಸೀಟು ತಗೊಂಡ. ಈಕಿಗೆ ಪ್ಯಾಟಿ ಸಾಲಿ ಬೇಕಾತು, ಬಸ್ಸು ಬೇಕಾತು, ಓದು ಮಾತ್ರ ಬರಲಿಲ್ಲ. ನಿಮ್ಮ ಚಪ್ಪಲಿ ಸವದದ್ದಷ್ಟ ಬಂತು. ಏಯ್, ಏಳು! ಸರ್ರ ಕಾಲು ಮುಟ್ಟಿ ತಪ್ಪಾತು ಅನ್ನು!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಲ್ಲಿಕಾ ಎದ್ದು ಬಂದು ಮಾಸ್ತರರ ಮುಖವನ್ನೇ ನೋಡುತ್ತ ನಿಂತಳು. ಅವರು ಬಾಯಿ ತೆರೆಯಲೆಂದು ಸಾಕಷ್ಟು ಹೊತ್ತು ಕಾದಳು. ಕೊನೆಗೆ ಅವಳೇ ಬಗ್ಗಿ ಕಾಲು ಮುಟ್ಟಿದಳು.

"ತಪ್ಪಾತ್ರಿ ಸರ."

ಮಾಸ್ತರರು ಅವಳ ತಲೆಯ ಮೇಲೆ ಕೈ ಇಟ್ಟರು.

"ಇರಲಿ ಬಿಡವಾ" ಎಂದರು. "ಇನ್ನೊಂದೀಟು ಓದಬೇಕಿತ್ತು ನೀನು."