ಗುತ್ತೆಪ್ಪನ ಮೋಟಾರು ಸೋರಿದ್ದು

ನನ್ನ ಸೋದರಮಾವ ಗುತ್ತೆಪ್ಪ ಹುಟ್ಟು ಅಂಬಿಗ. ಅವನ ಅಪ್ಪ, ಅಜ್ಜ ಎಲ್ಲರೂ ವರದಾ ಹೊಳೆಯಲ್ಲಿ ಹರಗೋಲು ಹಾಕಿಯೇ ಹೊಟ್ಟೆ ಹೊರೆದವರು. ಇವನೊಬ್ಬ ಮಾತ್ರ ಡ್ರೈವರ್ ಆದ. ಅದೂ ರಸ್ತೆಯ ಮೋಟಾರಿಗಲ್ಲ, ನೀರಿನ ಮೋಟಾರಿಗೆ. ಹಾನಗಲ್ಲಿನಿಂದ ಸವಣೂರಿನ ತನಕ ದೀಪ ಹಚ್ಚಿ ಹುಡುಕಿದರೂ ಅಂಥ ಡ್ರೈವರ್ ಇನ್ನೊಬ್ಬನಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವನೇ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಮೋಟಾರು ತಿಳವಳ್ಳಿಯ ಕರಿಬಸಪ್ಪ ಸಾವುಕಾರರದು. ಅವರಿಗೆ ಸವಣೂರಿನ ವೀಳ್ಯದೆಲೆಯ ವ್ಯಾಪಾರ. ಯಾರೋ ಬಿಳಿ ಸಾಹೇಬ ಊರು ಬಿಡುವಾಗ ಹರಾಜಿಗಿಟ್ಟದ್ದನ್ನು ಹಿಡಿದು ತಂದು ದೋಣಿಯ ಹಿಂಬದಿಗೆ ಕಚ್ಚಿಸಿದ್ದರು. ನೆತ್ತಿಯ ಮೇಲೆ ರೊಟ್ಟಿಹಂಚಿನಷ್ಟು ಅಗಲದ ಒಂದು ಚಕ್ರ. ಅದಕ್ಕೆ ಹಗ್ಗ ಸುತ್ತಿ ಜಗ್ಗಿದರೆ ಕೆಳಗಿನ ಇಂಜಿನ್ನು ಒದರಲು ಶುರು. ಇನ್ನೂ ಕೆಳಗೆ, ನೀರೊಳಗೆ, ಹಲ್ಲುಚಕ್ರಕ್ಕೆ ಎಣ್ಣೆ ತುಂಬಿದ ಗೇರಿನ ಡಬ್ಬಿ ಮತ್ತು ಪಂಖ. ಇಂಜಿನ್ನಿಗೆ ಬೇರೆ ಎಣ್ಣೆ ಹಾಕುವಂತಿಲ್ಲ, ಪೆಟ್ರೋಲಿನಲ್ಲೇ ಕಲಸಿ ಕುಡಿಸಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅದರ ಸಂಭ್ರಮ ನೋಡಬೇಕಿತ್ತು. ಬೇಸಿಗೆಯಲ್ಲಿ ಜನ ಸೀರೆ ಧೋತರ ಎತ್ತಿ ಹೊಳೆ ದಾಟುತ್ತಿದ್ದರು, ಮೋಟಾರು ಅಟ್ಟದ ಮೇಲೆ ಮಲಗುತ್ತಿತ್ತು.

ಮೋಟಾರು ಬಂದ ವರ್ಷವೇ ಮಾವ ತನ್ನ ಹರಗೋಲನ್ನು ದಾಯಾದಿಗೆ ಕೊಟ್ಟುಬಿಟ್ಟ. ಇನ್ನು ಅದರ ಗೊಡವೆ ನಮಗೇಕೆ ಎಂದ. ಒಂದಿಷ್ಟು ಮುಂದಾಲೋಚನೆ ಇದ್ದವರು ಹಾಗೆ ಮಾಡುತ್ತಿರಲಿಲ್ಲ. ಆದರೆ ಮುಂದಾಲೋಚನೆ ನಮ್ಮ ತಾಯಿಯ ತವರಿನ ಕಡೆ ಸುಳಿದದ್ದೇ ಕಡಿಮೆ.

ಸೋರಿಕೆ ಶುರುವಾದದ್ದು ಎರಡನೆಯ ಮಹಾಲಡಾಯಿಯ ನಡುವಿನ ಒಂದು ಮಳೆಗಾಲ. ಮೊದಲು ಬಾಯಿ ಮಾಡಿದವಳು ಚಮನಬಿ. ಸವಣೂರಿನ ತೋಟದಿಂದ ಎಲೆಬುಟ್ಟಿ ಹೊತ್ತು ತಂದು ಈಚೆ ದಂಡೆಯ ಊರುಗಳಿಗೆ ಮಾರುವ ಹೆಂಗಸು. ಬುಟ್ಟಿಯ ಮೇಲೆ ಹೊದಿಸಿದ ಒದ್ದೆ ಬಟ್ಟೆಯ ತುಂಬ ಎಣ್ಣೆಯ ಹನಿ. ಹನಿ ಇಳಿದ ಎಲೆ ಸಂಜೆಯೊಳಗೆ ಕಪ್ಪು.

“ಗುತ್ತೆಪ್ಪಾ, ನನ್ನ ಎಲಿ ತಿಂದವರ ಬಾಯಿ ಕೆಂಪಾಗಬೇಕು, ಜಿಡ್ಡಾಗಬಾರದು,” ಎಂದಳು. ಹಾಗೆಂದವಳು ಮರುದಿನ ದಾಯಾದಿಯ ಹರಗೋಲು ಹತ್ತಿದಳು. ಅವಳ ಹಿಂದೆ ಉಳಿದ ಎಲೆಯವರೂ ಹತ್ತಿದರು.

ಮಾವ ಮೊದಲು ಗೇರಿನ ಡಬ್ಬಿಯ ಮೇಲೆ ಅನುಮಾನಪಟ್ಟ. ಬಿಚ್ಚಿ, ಹಳೆಯ ತೊಗಲಿನ ವಾಶರು ಕಿತ್ತು, ಕೆರದ ತೊಗಲು ಕತ್ತರಿಸಿ ಹೊಸದು ಕೂಡಿಸಿದ. ಸೋರಿಕೆ ನಿಲ್ಲಲಿಲ್ಲ. ಆಮೇಲೆ ಹೊಗೆ ಉಗುಳುವ ಬಾಯಿ ನೋಡಿದ. ಅಲ್ಲಿ ಕರಿ ಜೊಲ್ಲು ಇತ್ತು, ಆದರೆ ಅದು ಇಂಜಿನ್ನಿನ ಹುಟ್ಟುಗುಣ, ಮೊದಲಿನಿಂದಲೂ ಇದ್ದದ್ದು. ಪೆಟ್ರೋಲಿಗೆ ಎಣ್ಣೆ ಜಾಸ್ತಿ ಆಗುತ್ತಿದೆಯೇನೋ ಎಂದು ಅದನ್ನು ಅರ್ಧಕ್ಕೆ ಇಳಿಸಿದ. ಇದು ಮಾತ್ರ ಶುದ್ಧ ತಪ್ಪು. ನಡುಹೊಳೆಯಲ್ಲಿ ಇಂಜಿನ್ನು ಕಾದು, ಕಿರ್ರೆಂದು ಬಿಗಿದು ನಿಂತಿತು. ದೋಣಿ ಜನರ ಸಮೇತ ತೇಲಿಕೊಂಡು ಹೋಗಿ ಕೆಳಗಿನ ಜಾಲಿಗಿಡಕ್ಕೆ ಸಿಕ್ಕಿಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಸುದ್ದಿ ದೋಣಿಗಿಂತ ಮುಂಚೆ ಊರು ಮುಟ್ಟಿತು.

ಇಂಜಿನ್ನು ಆರಿದ ಮೇಲೆ ಮತ್ತೆ ತಿರುಗಿತು, ಪುಣ್ಯಕ್ಕೆ. ಮಾವ ಎಣ್ಣೆಯನ್ನು ಮೊದಲಿನ ಅಳತೆಗೆ ತಂದ. ಸೋರಿಕೆ ಮೊದಲಿಗಿಂತ ಹೆಚ್ಚಾಯಿತು. ಕರಿಬಸಪ್ಪನವರು ಸಿಟ್ಟಿನ ಮನುಷ್ಯರಲ್ಲ, ಆದರೂ ಹೇಳುವುದನ್ನು ಹೇಳಿದರು. ಬರುವ ಸಂತೆಯೊಳಗೆ ಸೋರುವುದು ನಿಂತರೆ ಸರಿ, ಇಲ್ಲವಾದರೆ ಮೋಟಾರು ಹುಬ್ಬಳ್ಳಿಗೆ ಹೋಗುತ್ತದೆ, ಗಿರಾಕಿ ಸಿದ್ಧ ಇದ್ದಾನೆ. ಮಾವನ ಊಟ ಅಂದಿನಿಂದ ಅರ್ಧವಾಯಿತು. ಮೋಟಾರು ಹೋದರೆ ದಾಯಾದಿಯ ಕೈಕೆಳಗೆ, ತಾನೇ ಕೊಟ್ಟ ಹರಗೋಲಿಗೆ, ಹುಟ್ಟು ಹಾಕಬೇಕು. ಅದಕ್ಕಿಂತ ಹೊಳೆಗೆ ಬಿದ್ದು ಸಾಯುವುದು ಮೇಲು ಎಂದು ಅವನಿಗೆ ಅನ್ನಿಸಿತಂತೆ. ಮನೆಯಲ್ಲಿ ಮಾತ್ರ ಇದಾವುದನ್ನೂ ಬಾಯಿ ಬಿಡಲಿಲ್ಲ. ಹೆಂಗಸರಿಗೆ ಮೋಟಾರಿನ ಮಾತು ಏನು ತಿಳಿದೀತು ಎಂಬ ಜಂಬ.

ಆದರೆ ಉಪಾಯ ಸಿಕ್ಕಿದ್ದು ಹೆಂಗಸರಿಂದಲೇ. ಕುಂಬಾರರ ಹೆಣ್ಣುಮಕ್ಕಳು ಹೊಸ ಕೊಡ ಎಲ್ಲಿ ಸೋರುತ್ತದೆ ಎಂದು ನೋಡಲು ಅದಕ್ಕೆ ಒಣ ಬೂದಿ ಉಜ್ಜುತ್ತಾರೆ. ಒದ್ದೆ ಮೊದಲು ಕಂಡ ಜಾಗವೇ ಬಿರುಕಿನ ಜಾಗ. ಮಾವ ಮೋಟಾರನ್ನು ಸ್ವಚ್ಛ ಒರೆಸಿ ಒಲೆಯ ಬೂದಿ ಹಚ್ಚಿದ. ಒರಟು ಬೂದಿ, ಕಬ್ಬಿಣಕ್ಕೆ ಹಿಡಿಯಲಿಲ್ಲ, ಉದುರಿತು. ದೇವರ ಜಗಲಿ ಮೇಲಿದ್ದ ವಿಭೂತಿ ಗಟ್ಟಿಯನ್ನು ಅರೆದು, ಬಟ್ಟೆಯಲ್ಲಿ ಸೋಸಿ ಉದುರಿಸಿದ. ಹಿಟ್ಟಿನ ಹಾಗೆ ನುಣ್ಣಗೆ ಕೂತಿತು. ದಂಡೆಯಲ್ಲಿದ್ದವರು ಮೈತುಂಬ ವಿಭೂತಿಯ ಮೋಟಾರು ಕಂಡು ಚಪ್ಪಲಿ ಬಿಟ್ಟು ಕೈ ಮುಗಿದರು. ಒಬ್ಬ ಮುದುಕ ಕಾಯಿ ಒಡೆಯಲು ಬಂದ, ಮಾವ ಬೇಡವೆಂದು ಕಳಿಸಿದ.

ಓಡಿಸಿ ನೋಡುವ ಮೊದಲೇ ಮಳೆ ಹಿಡಿಯಿತು. ದಿನವೂ ಮಾಡುವಂತೆ ಮೋಟಾರನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ಗೋಣಿಚೀಲ ಹೊದಿಸಿ ಮನೆಗೆ ತಂದು ಪಡಸಾಲೆಯ ತೊಲೆಗೆ ತೂಗುಹಾಕಿದ. ತೊಯ್ದಲ್ಲಿ ಮತ್ತೆ ವಿಭೂತಿ ಉದುರಿಸಿ ಮಲಗಿದ.

ಬೆಳಗ್ಗೆ ಎದ್ದು ನೋಡಿದರೆ, ಹಗ್ಗ ಜಗ್ಗುವ ಮೊದಲೇ, ಮೋಟಾರು ಸೋರಿತ್ತು. ಇಂಜಿನ್ನಿನ ಮೈ ಮೇಲಿನ ವಿಭೂತಿ ಹಾಗೇ ಬೆಳ್ಳಗೆ. ಗೇರಿನ ಡಬ್ಬಿ ಬೆಳ್ಳಗೆ. ನೆಲಕ್ಕೆ ಎಣ್ಣೆ ತೊಟ್ಟಿಕ್ಕಿದ್ದು ಮೇಲಿನ ಚಕ್ರದ ಅಂಚಿನಿಂದ, ಎಣ್ಣೆಯ ಹೆಸರೇ ಇಲ್ಲದ ಜಾಗದಿಂದ. ಚಕ್ರ ತಿರುಗಿದಾಗ ಅದೇ ಎಣ್ಣೆ ಸಿಡಿದು ಮುಂದಿನ ಎಲೆಬುಟ್ಟಿಗೆ ಬೀಳುತ್ತಿತ್ತು ಎನ್ನುವುದು ಮಾವನಿಗೆ ನಿಂತ ನಿಲುವಿನಲ್ಲೇ ಹೊಳೆಯಿತು. ಬೆರಳಿಗೆ ಹಚ್ಚಿ ತಿಕ್ಕಿದ. ಕರ್ರಗಿಲ್ಲ, ಪೆಟ್ರೋಲು ನಾರುವುದಿಲ್ಲ, ಅಂಟಂಟು. ಔಡಲೆಣ್ಣೆ, ಮನೆಯ ಹರಳೆಣ್ಣೆ. ಆಮೇಲೆ ಚಕ್ರದ ಮೇಲಿನ ವಿಭೂತಿಯಲ್ಲಿ ಒಂದು ಸಣ್ಣ ಅಂಗೈಯ ಗುರುತು ಕಂಡಿತು.

ಅತ್ತೆ ಶಾರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಇದೇನು ಎಂದು ಕೇಳಿದ. ಅವಳು ತಿರುಗಿ ಕೂಡ ನೋಡಲಿಲ್ಲ.

“ನಾನಽ ಹಾಕಿದ್ದು. ದಿನಾ ಮುಂಜಾನೆ ಹಾಕ್ತೇನಿ. ಕೂಸಿನ ನೆತ್ತಿ ಕಾದ್ರ ಎಣ್ಣಿ ಹಾಕೂದಿಲ್ಲೇನ್ರಿ? ಇದು ಹೊತ್ತು ಮುಳಗೂತನಾ ಒದರತೈತಿ. ನಡುಹೊಳ್ಯಾಗ ಇದರ ತಲಿ ಕೆಟ್ರ ನಿಮ್ಮನ್ನ ದಂಡಿಗೆ ಯಾರ್ ತರಬೇಕು?”

ಅವಳ ಅಪ್ಪನನ್ನು ಹಿಂದಿನ ವರ್ಷದ ಮಳೆಗಾಲ ಇದೇ ಹೊಳೆ ಒಯ್ದಿತ್ತು. ದೋಣಿ ತೇಲಿಹೋದ ಸುದ್ದಿ ಕೇಳಿದ ಮೇಲೆ ಒಂದು ಬೊಗಸೆಗೆ ಎರಡು ಬೊಗಸೆ ಮಾಡಿದ್ದಳು. ಮುಚ್ಚಿಟ್ಟದ್ದೇನೂ ಅಲ್ಲ. ಬಾಗಿಲಿಗೆ ನೀರು ಹಾಕಿದ್ದನ್ನು ಯಾರಾದರೂ ಗಂಡನಿಗೆ ಹೇಳುತ್ತಾರೆಯೇ?

ಇಷ್ಟು ದಿನದ ಸಂಕಟ, ಅರೆಹೊಟ್ಟೆ, ಚಮನಬಿಯ ಚುಚ್ಚುಮಾತು ಎಲ್ಲ ಮಾವನ ನಾಲಿಗೆಯ ತುದಿಗೆ ಬಂದವಂತೆ. ಆದರೆ ಬೈಯಲಿಲ್ಲ. ಇನ್ನು ಹಾಕಬೇಡ, ಅದಕ್ಕೆ ಆಗಿಬರುವುದಿಲ್ಲ ಎಂದಷ್ಟೇ ಹೇಳಿ, ಚಕ್ರ ಒರೆಸಿ, ಮೋಟಾರು ಹೊತ್ತು ಹೋದ.

ಸಂತೆಯ ದಿನ ಕರಿಬಸಪ್ಪನವರು ದಂಡೆಗೆ ಬಂದರು. ಎಲೆಯವರು, ಸಂತೆಯವರು, ದಾಯಾದಿ ಎಲ್ಲರೂ ನೆರೆದಿದ್ದರು. ಬುತ್ತಿ ಕೊಡಲು ಬಂದ ಅತ್ತೆಯೂ ಒಂದು ಬದಿಗೆ ನಿಂತಿದ್ದಳು. ಸಾವುಕಾರರು ಹೇಳಿದ್ದಕ್ಕೆ ದೋಣಿ ಹತ್ತಿದ ಚಮನಬಿಯನ್ನು ಬುಟ್ಟಿ ಸಮೇತ ಕೂರಿಸಿಕೊಂಡು ಮಾವ ಹೊಳೆಯ ಆಚೆಗೆ ಹೋಗಿ ಬಂದ. ಚಮನಬಿಯ ಬುಟ್ಟಿಯ ಬಟ್ಟೆಯನ್ನು ಸಾವುಕಾರರು ತಾವೇ ಎತ್ತಿ ನೋಡಿದರು. ಒಂದು ಹನಿ ಇಲ್ಲ. ಹಾಗಾದರೆ ಇಷ್ಟು ದಿನ ಎಲ್ಲಿಂದ ಸೋರುತ್ತಿತ್ತು ಎಂದು ಕೇಳಿದರು.

ನಿಜ ಹೇಳಿದ್ದರೆ ಮಾವನ ಮಾನ ಉಳಿಯುತ್ತಿತ್ತು. ಮೋಟಾರಿಗೆ ಎಣ್ಣೆ ಹಚ್ಚಿದ ಶಾರವ್ವ ಎಂದು ಅತ್ತೆಯ ಹೆಸರು ಮಾತ್ರ ಹಿರೇಕೆರೂರು ದಾಟುತ್ತಿತ್ತು.

“ತಪ್ಪು ನಂದಽರಿ,” ಎಂದ ಮಾವ. “ಚಕ್ರ ಹಗರ ತಿರಗಲಿ ಅಂತ ನಾನಽ ಮ್ಯಾಲೆ ಎಣ್ಣಿ ಬಿಡತಿದ್ದೆ. ತಿಳೀಲಿಲ್ಲರಿ.”

ದಂಡೆ ತುಂಬ ನಗು. ದಾಯಾದಿಯಂತೂ ಹೊಟ್ಟೆ ಹಿಡಿದುಕೊಂಡು ಕುಂತುಬಿಟ್ಟ. ಸಾವುಕಾರರು ಎಲ್ಲರೆದುರೇ ಒಂದಿಷ್ಟು ಉಗಿದು, ಮೋಟಾರು ಇಲ್ಲೇ ಇರಲಿ ಎಂದರು. ಡ್ರೈವರ್ ಎಂದು ಮೆರೆದ ಮಾವ ತಲೆ ತಗ್ಗಿಸಿ ಎಲ್ಲ ಕೇಳಿಕೊಂಡ. ಅತ್ತೆ ಬುತ್ತಿಯ ಗಂಟನ್ನು ದೋಣಿಯಲ್ಲಿಟ್ಟು ಮನೆಗೆ ನಡೆದಳು.

ಮರುದಿನ ಬೆಳಗ್ಗೆ ಮಾವ ಕಟ್ಟೆಯ ಮೇಲೆ ಕೂತು ರುಮಾಲು ಸುತ್ತಿಕೊಳ್ಳುತ್ತಿದ್ದ. ಅತ್ತೆ ಹಿಂದಿನಿಂದ ಬಂದು ರುಮಾಲನ್ನು ಕಿತ್ತು ಪಕ್ಕಕ್ಕಿಟ್ಟಳು. ಬೊಗಸೆ ತುಂಬ ಔಡಲೆಣ್ಣೆಯನ್ನು ಅವನ ನೆತ್ತಿಗೆ ಸುರಿದು ತಟ್ಟತೊಡಗಿದಳು. ಎಣ್ಣೆ ಕಿವಿ, ಕುತ್ತಿಗೆ ದಾಟಿ ಅಂಗಿಯೊಳಗೆ ಇಳಿಯಿತು. ಅವನು ಅಲುಗಾಡಲಿಲ್ಲ.

“ತಣ್ಣಗ ಹೋಗಿ ತಣ್ಣಗ ಬರ್ರಿ,” ಎಂದಳು.